ಹದಿನಾಲ್ಕನೇ ಕರೆಕ್ಷನ್ ಬಂದಿದೆ. ಈಗಲಾದರೂ ದುಡ್ಡು ಕೇಳಬಹುದೇ?

ವಿದ್ಯಾನಗರದ ಗೆರೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ಮರಳಿ ಒಂದೂವರೆ ವರ್ಷವಾಯಿತು. ಮನೆಯಲ್ಲೇ ಕುಳಿತು ಲೇಬಲ್, ಅಂಗಡಿ ಬೋರ್ಡು, ಕರಪತ್ರಗಳ ಡಿಸೈನ್ ಮಾಡಿಕೊಡುತ್ತೇನೆ.

ನಮ್ಮ ಸೋದರಮಾವನಿಗೆ ಪರಿಚಯದವರೊಬ್ಬರು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಮಾಡಿಸಿ ಮಾರುತ್ತಾರೆ. ಮೂರಕ್ಕೂ ಲೇಬಲ್ ಬೇಕೆಂದರು. ಒಟ್ಟು 6,000 ರೂಪಾಯಿಗೆ ಮಾತಾಯಿತು. ಎಷ್ಟು ಸಲ ತಿದ್ದಿಕೊಡುತ್ತೇನೆ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೊದಲು ಯಜಮಾನರು ಹಳದಿ ಬೇಡ ಎಂದರು. ಆಮೇಲೆ ಅವರ ಹೆಂಡತಿ ಹಳದಿಯೇ ಚೆನ್ನಾಗಿತ್ತು ಎಂದರು. ಭಾಮೈದ ಹುಬ್ಬಳ್ಳಿಯಿಂದ ಫೋನ್ ಮಾಡಿ, ಅಕ್ಷರಗಳಿಗೆ ಬಂಗಾರದ ಹೊಳಪು ಬರಲಿ ಎಂದ. ಲೆಕ್ಕ ಬರೆಯುವ ಹುಡುಗನಿಗೂ ಒಂದು ಅಭಿಪ್ರಾಯವಿದೆ. ನಿನ್ನೆ ರಾತ್ರಿ ಹತ್ತೂವರೆಗೆ ಹದಿನಾಲ್ಕನೇ ಸಂದೇಶ ಬಂತು: "ಇನ್ನೊಂದು ಸಣ್ಣ ಬದಲಾವಣೆ ಅಷ್ಟೇ ಅಮ್ಮಾ, ಜೊತೆಗೆ ಒರಿಜಿನಲ್ ಫೈಲೂ ಕಳಿಸಿಬಿಡು."

ಜಗಳವಾಡಿದರೆ ಮಾವನ ಮುಖಕ್ಕೆ ಬರುತ್ತದೆ, ಸುಮ್ಮನಿದ್ದರೆ ಹದಿನೈದನೆಯದು ಬರುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಪಿಬಿ ರಸ್ತೆ:
ಅಡ್ವಾನ್ಸ್ ಎಷ್ಟು ತೆಗೆದುಕೊಂಡಿದ್ದೀರಿ? ಮೊದಲು ಅದನ್ನು ಹೇಳಿ.

ವಿದ್ಯಾನಗರದ ಗೆರೆ:
3,000. ಉಳಿದದ್ದು ಫೈನಲ್ ಆದ ಮೇಲೆ ಎಂದಿದ್ದಾರೆ.

ಪಿಬಿ ರಸ್ತೆ:
ಹಾಗಾದರೆ ಫೈನಲ್ ಆಗುವುದಿಲ್ಲ.

ಮಂಡಿಪೇಟೆ ಮೊಳೆ:
ತಂಗೀ, ಮೂವತ್ತು ವರ್ಷ ಪ್ರೆಸ್ ನಡೆಸಿದವನು ನಾನು. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಈ ತಂಟೆ ಇರಲಿಲ್ಲ. ಪಾರ್ಟಿ ಎದುರಿಗೇ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ಗ್ಯಾಲಿಯಲ್ಲಿ, ಅಂದರೆ ತಟ್ಟೆಯಲ್ಲಿ, ಜೋಡಿಸಿದ ಮೊಳೆಗಳ ಮೇಲೆ ಮಸಿ ಸವರಿ, ಒದ್ದೆ ಕಾಗದ ಒತ್ತಿ ಪ್ರೂಫ್ ತೆಗೆದುಕೊಡುತ್ತಿದ್ದೆವು. "ಶ್ರೀ ಬದಲು ಶ್ರೀಮತಿ ಮಾಡಿ" ಎಂದರೆ ಕಟ್ಟಿದ ದಾರ ಬಿಚ್ಚಬೇಕು, ಚಿಮಟದಿಂದ ಒಂದೊಂದೇ ಮೊಳೆ ಕೀಳಬೇಕು, ಸಾಲು ಸಡಿಲವಾದರೆ ಮುಂದಿನ ಸಾಲನ್ನೂ ಬಿಚ್ಚಬೇಕು. ಅರ್ಧ ಗಂಟೆ ಅವರ ಕಣ್ಣೆದುರೇ ಕಳೆಯುತ್ತಿತ್ತು. ಎರಡನೇ ಸಲ ಕೇಳಲು ಅವರಿಗೇ ಸಂಕೋಚವಾಗುತ್ತಿತ್ತು. ಮೂರನೇ ಸಲಕ್ಕೆ ಚಹಾ ತರಿಸುತ್ತಿದ್ದರು.

ನಿನ್ನ ಕೆಲಸ ಅವರಿಗೆ ಕಾಣುವುದಿಲ್ಲ. ಗುಂಡಿ ಒತ್ತಿದರೆ ಬಣ್ಣ ಬದಲಾಗುತ್ತದೆ ಎಂದುಕೊಂಡಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ನಮ್ಮಲ್ಲೂ ಕರೆಕ್ಷನ್ ಮೂರು ಪಟ್ಟಾಯಿತು. ಆಗ ನಾನು ಒಂದೇ ಒಂದು ನಿಯಮ ಮಾಡಿದೆ. ಪ್ರೂಫಿನ ಮೇಲೆ ಕೈಯಲ್ಲಿ ಬರೆದು, ಸಹಿ ಮಾಡಿ ಕೊಟ್ಟರೆ ಮಾತ್ರ ಕರೆಕ್ಷನ್. ಬಾಯಿ ಮಾತು, ಫೋನು ನಡೆಯುವುದಿಲ್ಲ. ಪೆನ್ನು ಹಿಡಿದ ತಕ್ಷಣ ಅರ್ಧ ಜನರಿಗೆ ತಮ್ಮ ಕರೆಕ್ಷನ್ ಮರೆತೇ ಹೋಗುತ್ತಿತ್ತು.

ಹರಿಹರದ ಕೋಡು:
ನಾನು ವೆಬ್‌ಸೈಟ್ ಮಾಡುವವನು, ಹೆಚ್ಚಿನ ಗ್ರಾಹಕರು ಹೊರದೇಶದವರು. ಕೆಲಸ ಶುರು ಮಾಡುವ ಮೊದಲೇ ಬರೆದುಕೊಡುತ್ತೇನೆ: ಏನೇನು ಮಾಡುತ್ತೇನೆ, ಎಷ್ಟು ದಿನ, ಎರಡು ಸುತ್ತು ತಿದ್ದುಪಡಿ ಉಚಿತ, ಮೂರನೆಯದರಿಂದ ಗಂಟೆಗೆ ಇಷ್ಟು. ಒಂದು ಸುತ್ತು ಎಂದರೆ ಒಬ್ಬರು, ಒಂದೇ ಸಲ, ಒಂದೇ ಪಟ್ಟಿಯಲ್ಲಿ ಎಲ್ಲವನ್ನೂ ಬರೆದು ಕಳುಹಿಸುವುದು. ಐದು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿದ ಹಾಗೆ. ನಾನು ಕೆಡಿಸಿದ್ದನ್ನು ಎಷ್ಟು ಸಲ ಬೇಕಾದರೂ ಪುಕ್ಕಟೆ ಸರಿಮಾಡುತ್ತೇನೆ, ಅವರ ಮನಸ್ಸು ಬದಲಾದರೆ ಮಾತ್ರ ಮೀಟರ್ ಓಡುತ್ತದೆ. ಮೇಡಂ, ನಿಮ್ಮದು ಹದಿನಾಲ್ಕು ತಿದ್ದುಪಡಿಯಲ್ಲ, ನಾಲ್ಕು ಜನ ಯಜಮಾನರು.

ಮಂಡಿಪೇಟೆ ಮೊಳೆ:
ಹರಿಹರದವರೇ, ನಿಮ್ಮ ನಿಯಮ ಹೊಳೆಯ ಆಚೆಗೆ ಸರಿ. ನಮ್ಮೂರಲ್ಲಿ ಮಾತಾಡುವವರು ಒಬ್ಬರು, ನಿರ್ಧಾರ ಮಾಡುವವರು ಒಳಮನೆಯಲ್ಲಿ ಇನ್ನೊಬ್ಬರು. ಯಜಮಾನರ ಸಹಿ ಪಡೆದು ಬಂದಿರುತ್ತೀರಿ, ಬೆಳಿಗ್ಗೆ ಅವರ ತಾಯಿ ಬೇಡ ಎಂದಿರುತ್ತಾರೆ.

ಹರಿಹರದ ಕೋಡು:
ಹಾಗಿದ್ದರೆ ತಾಯಿಯ ಸಹಿ ಪಡೆಯಿರಿ ಸರ್. ತಮಾಷೆಯಲ್ಲ. ಕೊನೆಯ ಮಾತು ಯಾರದು ಎಂದು ಮೊದಲ ದಿನವೇ ಕೇಳಬೇಕು.

ಕೋಟೆ ಕ್ಯಾಮೆರಾ:
ಚಿತ್ರದುರ್ಗದಿಂದ. ಮದುವೆ ವಿಡಿಯೊ ನಮ್ಮ ಮುಖ್ಯ ಕೆಲಸ, ಲಗ್ನಪತ್ರಿಕೆಯೂ ಮಾಡುತ್ತೇವೆ. ಲೇಬಲ್ ಏನು ಬಂತು ಅಕ್ಕಾ, "ಸುಖಾಗಮನ ಬಯಸುವವರು" ಪಟ್ಟಿ ಮಾಡಿ ನೋಡಿ! ಒಂದು ಮನೆಯಲ್ಲಿ ಇಬ್ಬರು ದೊಡ್ಡಪ್ಪಂದಿರು, ಮಾತು ಬಿಟ್ಟು ಎಷ್ಟೋ ವರ್ಷ. ಯಾರ ಹೆಸರು ಮೇಲೆ ಎಂಬುದಕ್ಕೆ ಆರು ಸಲ ತಿದ್ದಿದೆ. ವಯಸ್ಸಿನ ಪ್ರಕಾರ ಹಾಕಿದರೆ ಕಿರಿಯರಿಗೆ ಸಿಟ್ಟು, ದುಡ್ಡು ಹಾಕಿದವರ ಪ್ರಕಾರ ಹಾಕಿದರೆ ಹಿರಿಯರಿಗೆ ಸಿಟ್ಟು. ಕೊನೆಗೆ ಮದುಮಗನ ಅಪ್ಪನೇ ಗುಟ್ಟಾಗಿ ಬಂದು, ಎರಡು ಥರ ಮಾಡಿಬಿಡಪ್ಪಾ, ಮುನ್ನೂರು ಮುನ್ನೂರು, ಎಂದರು. ಮಾಡಿದೆ, ಎರಡು ಮುದ್ರಣ ಪ್ಲೇಟಿನ ದುಡ್ಡನ್ನೂ ತೆಗೆದುಕೊಂಡೆ. ಮದುವೆ ದಿನ ಛತ್ರದ ಬಾಗಿಲಲ್ಲಿ ಎರಡೂ ಪತ್ರಿಕೆಗಳು ಒಂದೇ ತಟ್ಟೆಯಲ್ಲಿ ಕುಳಿತಿದ್ದವು. ನಾನು ಕ್ಯಾಮೆರಾ ಹಿಡಿದು ಅಡುಗೆಮನೆ ಕಡೆ ಹೊರಟುಹೋದೆ.

ಪಿಬಿ ರಸ್ತೆ:
ಆ ವಿಡಿಯೊ ಇದೆಯೇ?

ಅಂಗಡಿಯವ:
ಎಲ್ಲರೂ ಒಂದೇ ಕಡೆ ನಿಂತು ಮಾತಾಡುತ್ತಿದ್ದೀರಿ. ದುಡ್ಡು ಕೊಡುವವರ ಕಡೆಯಿಂದಲೂ ಸ್ವಲ್ಪ ಕೇಳಿ. ನನ್ನ ಅಂಗಡಿಗೆ ಇಪ್ಪತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬೋರ್ಡು ಮಾಡಿಸಿದೆ. ಡಿಸೈನ್ ಮಾಡಿದವರು ಮೊಬೈಲಿಗೆ ಬೆರಳುದ್ದದ ಚಿತ್ರ ಕಳುಹಿಸಿ "ಓಕೆನಾ ಸರ್" ಎಂದರು. ಅಷ್ಟು ಚಿಕ್ಕದರಲ್ಲಿ ನನಗೇನು ತಿಳಿಯಬೇಕು? ಓಕೆ ಎಂದೆ. ಬೋರ್ಡು ಏರಿಸಿದ ಮೇಲೆ ನೋಡಿದರೆ ಫೋನ್ ನಂಬರು ಸರಿಯಾಗಿ ಕರೆಂಟ್ ಕಂಬದ ಹಿಂದೆ ಇದೆ. ರಸ್ತೆಯಿಂದ ನೋಡಿದರೆ ಕೊನೆಯ ನಾಲ್ಕು ಅಂಕಿ ಕಾಣುವುದಿಲ್ಲ. ಕೇಳಿದರೆ, ಮೂರು ಕರೆಕ್ಷನ್ ಮುಗಿದಿವೆ, ಇನ್ನು ದುಡ್ಡಾಗುತ್ತದೆ ಎಂದರು. ಒಂದು ಸಲ ಅಂಗಡಿಯ ಮುಂದೆ ಬಂದು ನಿಂತಿದ್ದರೆ ಆ ಕಂಬ ಅವರಿಗೇ ಕಾಣುತ್ತಿತ್ತು.

ನಮಗೆ ಡಿಸೈನಿನ ಭಾಷೆ ಬರುವುದಿಲ್ಲ. ಏನೋ ಸರಿಯಿಲ್ಲ ಎಂದು ಮಾತ್ರ ಗೊತ್ತಾಗುತ್ತದೆ. ಏನು ಸರಿಯಿಲ್ಲ ಎಂದು ಕಂಡುಹಿಡಿಯುವುದಕ್ಕೇ ಅಲ್ಲವೇ ನಿಮಗೆ ದುಡ್ಡು ಕೊಡುವುದು?

ವಿದ್ಯಾನಗರದ ಗೆರೆ:
ಸರ್, ಕಂಬದ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದು ಕರೆಕ್ಷನ್ ಲೆಕ್ಕಕ್ಕೇ ಬರುವುದಿಲ್ಲ, ಅವರ ತಪ್ಪು.

ಅನುವಾದದ ಅಕ್ಕ:
ಅಂಗಡಿಯವರ ಕೊನೆಯ ಸಾಲಿಗೆ ನನ್ನದೂ ಒಂದು ಮಾತು. ಹೊಸದುರ್ಗದಲ್ಲಿ ಕುಳಿತು ಅನುವಾದ ಮಾಡುತ್ತೇನೆ, ನನ್ನ ಕೆಲಸದಲ್ಲೂ ಇದೇ ಗೋಳು. ಗ್ರಾಹಕರು ರೋಗ ಹೇಳುವುದಿಲ್ಲ, ನೇರವಾಗಿ ಮಾತ್ರೆಯ ಹೆಸರು ಹೇಳುತ್ತಾರೆ. "ಈ ಪದ ತೆಗೆಯಿರಿ", "ಹಸಿರು ಮಾಡಿ". ನಾನು ಈಗ ತಕ್ಷಣ ತಿದ್ದುವುದನ್ನು ಬಿಟ್ಟಿದ್ದೇನೆ. ಏನು ಓದಿದಾಗ ಹಾಗನ್ನಿಸಿತು ಎಂದು ಫೋನ್ ಮಾಡಿ ಕೇಳುತ್ತೇನೆ. ಹೋದ ತಿಂಗಳು ಒಬ್ಬರು "ಕನ್ನಡ ತುಂಬ ಭಾರವಾಯಿತು, ಎಲ್ಲ ಬದಲಾಯಿಸಿ" ಎಂದರು. ವಿಚಾರಿಸಿದರೆ ಮೊದಲ ಪುಟದಲ್ಲಿ "ಅನುಷ್ಠಾನ" ಎಂಬ ಒಂದು ಪದ ಐದು ಸಲ ಬಂದಿತ್ತು. "ಜಾರಿ" ಎಂದು ಮಾಡಿದೆ, ಮುಗಿಯಿತು. ಕೇಳದೆ ಕೂತಿದ್ದರೆ ನಲವತ್ತು ಪುಟ ತಿದ್ದುತ್ತಿದ್ದೆ.

ಅವರು ಹಳದಿ ಬೇಡ ಎಂದದ್ದು ಏಕೆ, ಕೇಳಿದ್ದೀರಾ?

ವಿದ್ಯಾನಗರದ ಗೆರೆ:
ಇಲ್ಲ ಅಕ್ಕಾ. ಬೇಡ ಎಂದರು, ತೆಗೆದೆ.

ಚಳ್ಳಕೆರೆ ಶೇಂಗಾ:
ನಾನು ಶೇಂಗಾ ಪದಾರ್ಥಗಳ ಪ್ಯಾಕಿಂಗ್ ಮಾಡುವವನು, ಆದ್ದರಿಂದ ಒಂದು ಪ್ರಶ್ನೆ. ನಿಮ್ಮ ಲೇಬಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ? ಸಸ್ಯಾಹಾರವೆಂದು ತೋರಿಸುವ, ಚೌಕದೊಳಗಿನ ಹಸಿರು ಚುಕ್ಕೆ? ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ತಿಂಗಳು, ತಯಾರಕರ ವಿಳಾಸ, ದೂರು ಹೇಳಲು ಫೋನ್ ನಂಬರು? ಶೇಂಗಾ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿದೆ, ಅದನ್ನೂ ಬೇರೆಯಾಗಿ ಬರೆಯಬೇಕು. ತೂಕದ ಅಂಕಿಗಳಿಗೆ ಕನಿಷ್ಠ ಎತ್ತರವಿದೆ. ಅಂದಕ್ಕಾಗಿ ಇರುವೆಯಷ್ಟು ಚಿಕ್ಕದು ಮಾಡುವಂತಿಲ್ಲ.

ನನ್ನ ಮೊದಲ ಲೇಬಲ್ ನೋಡಲು ಬಹಳ ಚೆನ್ನಾಗಿತ್ತು. ಹತ್ತು ಸಾವಿರ ಮುದ್ರಿಸಿದ ಮೇಲೆ ಹಸಿರು ಚುಕ್ಕೆ ಇಲ್ಲವೆಂದು ಗೊತ್ತಾಯಿತು. ಮಕ್ಕಳು ಅದರ ಹಿಂಬದಿಯಲ್ಲಿ ಎರಡು ವರ್ಷ ಲೆಕ್ಕ ಮಾಡಿದರು.

ವಿದ್ಯಾನಗರದ ಗೆರೆ:
ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಮೊದಲ ಡಿಸೈನಿನಲ್ಲಿ ನಾನು ಪರವಾನಗಿ ಸಂಖ್ಯೆಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅಲರ್ಜಿಯ ಸಾಲು ಈಗಲೂ ಇಲ್ಲ.

ನಿಮ್ಮ ಮಾತು ಓದಿ ಸಂದೇಶಗಳನ್ನೆಲ್ಲ ಹಿಂದಕ್ಕೆ ಹೋಗಿ ಎಣಿಸಿದೆ. ಹದಿನಾಲ್ಕರಲ್ಲಿ ಮೂರು ನನ್ನವೇ: ಪರವಾನಗಿ ಸಂಖ್ಯೆ, ಗುರೆಳ್ಳು ಪ್ಯಾಕೆಟ್ಟಿನಲ್ಲಿ ಹಿಂದುಮುಂದಾದ ತೂಕ, ಇನ್ನೊಂದು ಅಕ್ಷರದೋಷ. ನಾಲ್ಕು ಸಲ ಅವರು ಬೆಲೆಯನ್ನೋ ವಿಳಾಸವನ್ನೋ ತಡವಾಗಿ ಕೊಟ್ಟರು. ಉಳಿದ ಏಳೂ ಬಣ್ಣದ ಸುತ್ತ, ಅದೂ ಬೇರೆಬೇರೆ ಬಾಯಿಂದ. "ಹದಿನಾಲ್ಕು ಸಲ ತಿದ್ದಿದ್ದೇನೆ" ಎಂದು ಹೋಗಿ ಕೂಗಾಡಿದ್ದರೆ ಅವರು ಮೊದಲು ಆ ಮೂರನ್ನೇ ಮುಂದಿಡುತ್ತಿದ್ದರು.

ಅರ್ಕಾವತ್ತು:
ಅಕ್ಷರದೋಷ ಎಂದಿರಿ, ಅರ್ಕಾವತ್ತು ಹಾರಿಹೋಗಿತ್ತೇ?

ವಿದ್ಯಾನಗರದ ಗೆರೆ:
ನಿಮಗೆ ಹೇಗೆ ಗೊತ್ತು! "ಚಿತ್ರದುರ್ಗ ರಸ್ತೆ" ಎಂಬುದು "ಚಿತ್ರದುಗ ರಸ್ತೆ" ಆಗಿತ್ತು.

ಅರ್ಕಾವತ್ತು:
ಆಗಲೇಬೇಕು. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದು ಯುನಿಕೋಡ್, ನೀವು ಡಿಸೈನಿಗೆ ಬಳಸುವುದು ಹಳೆಯ ನುಡಿ ಫಾಂಟ್. ಎರಡೂ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೇರೆಬೇರೆ ರೀತಿ ಇಡುತ್ತವೆ. ಹಳೆಯ ನುಡಿಯಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಪ್ರತ್ಯೇಕ ಚಿಹ್ನೆಯಾಗಿ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತಿಸುವಾಗ ಅಲ್ಲೇ ಎಡವಟ್ಟು. ಯುನಿಕೋಡ್ ಫಾಂಟನ್ನೇ ನೇರ ಬಳಸಿ. ಪುಟ ವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಕೊಂಡರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಫೋಟೊಶಾಪ್‌ನಲ್ಲೂ ಅಂಥದೇ ಆಯ್ಕೆಯಿದೆ. ಫೈಲ್ ಪ್ರೆಸ್ಸಿಗೆ ಹೋಗುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಚಿತ್ರದ ಗೆರೆಗಳಾಗಿ ಬದಲಾಯಿಸಿ ಕಳುಹಿಸಿ, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಸಲ ಊರಿನ ಹೆಸರು ಕೆಡುತ್ತದೆ. ನಮ್ಮ ದುರ್ಗಕ್ಕೆ ಹೈದರಾಲಿಯಿಂದ ಆದ ತೊಂದರೆ ಸಾಕು.

ಕೋಟೆ ಕ್ಯಾಮೆರಾ:
ಅಣ್ಣ, ಇಷ್ಟು ದಿನ ಎಲ್ಲಿದ್ದಿರಿ? ನಾವು "ಆಶೀರ್ವಾದ" ಎಂಬ ಪದಕ್ಕೆ ಅರ್ಕಾವತ್ತನ್ನು ಬೇರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದೆವು.

ಲೆಕ್ಕದ ಪುಸ್ತಕ:
ಒರಿಜಿನಲ್ ಫೈಲ್ ವಿಷಯ ಯಾರೂ ಎತ್ತಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರರಲ್ಲದ ಸ್ವತಂತ್ರ ಡಿಸೈನರ್ ಮಾಡಿದ ಕೃತಿಯ ಮೊದಲ ಹಕ್ಕು ಸಾಮಾನ್ಯವಾಗಿ ಮಾಡಿದವರದೇ. ದುಡ್ಡು ಪಡೆದು ತೆಗೆದುಕೊಟ್ಟ ಫೋಟೊ, ಬರೆದುಕೊಟ್ಟ ಭಾವಚಿತ್ರದಂಥವಕ್ಕೆ ಮಾತ್ರ ನಿಯಮ ಬೇರೆ, ಅಲ್ಲಿ ಮಾಡಿಸಿದವರದು. ಹಕ್ಕು ವರ್ಗಾವಣೆಯಾಗಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಲೆಕ್ಕ.

ಬಾಕಿಯ ಬಗ್ಗೆ: ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇದೆ, ಮಾಡಿಸಿಕೊಳ್ಳಿ, ಪುಕ್ಕಟೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಬರಹದ ಒಪ್ಪಂದವಿದ್ದರೂ 45 ದಿನ ಮೀರಿ ದುಡ್ಡು ತಡೆಹಿಡಿಯುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇನ್ನೊಂದು ಸೂಕ್ಷ್ಮವಿದೆ, ನಿಮಗೆ ಬೇಕಾದದ್ದೇ ಅದು: ಕೆಲಸ ಒಪ್ಪಿಸಿದ 15 ದಿನದೊಳಗೆ ಗ್ರಾಹಕರು ಬರಹದಲ್ಲಿ ಆಕ್ಷೇಪ ಹೇಳದಿದ್ದರೆ ಒಪ್ಪಿದಂತೆಯೇ. ಹೇಳಿದರೆ, ಅದನ್ನು ಸರಿಪಡಿಸಿಕೊಟ್ಟ ದಿನದಿಂದ ಎಣಿಕೆ.

ಮಂಡಿಪೇಟೆ ಮೊಳೆ:
ಮೂರು ಸಾವಿರಕ್ಕೆ ಕೇಂದ್ರದ ಕಾಯ್ದೆಯೇ! ಅವರ ಮಾವ ಮುಂದಿನ ಹಬ್ಬಕ್ಕೆ ಮನೆಗೆ ಸೇರಿಸುತ್ತಾರೆಯೇ?

ಲೆಕ್ಕದ ಪುಸ್ತಕ:
ಹಿರಿಯರೇ, ದಾವೆ ಹೂಡಿ ಎನ್ನಲಿಲ್ಲ. ಮುಂದಿನ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ ಎನ್ನುತ್ತಿದ್ದೇನೆ. 2024ರ ಏಪ್ರಿಲ್‌ನಿಂದ, ಅಂಥವರಿಗೆ ಗಡುವಿನೊಳಗೆ ಕೊಡದ ಬಾಕಿಯನ್ನು ಕೊಟ್ಟ ವರ್ಷವೇ ಹೊರತು ಅದಕ್ಕೆ ಮೊದಲು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ತೋರಿಸಲಾಗುವುದಿಲ್ಲ. ಅವರ ಆಡಿಟರೇ ಫೋನ್ ಮಾಡಿ ದುಡ್ಡು ಕೊಡಿಸುತ್ತಾರೆ.

ಹರಿಹರದ ಕೋಡು:
ಹಕ್ಕು ನಿಮ್ಮದೆಂದು ಫೈಲ್ ಬಿಗಿಹಿಡಿದು ಕೂರಬೇಡಿ. ಅದಕ್ಕೊಂದು ಬೆಲೆ ಹೇಳಿ. ನಾನಾಗಿದ್ದರೆ ಬಾಕಿ ಬಂದ ಮೇಲೆ ಮುದ್ರಣದ ಪಿಡಿಎಫ್, ತಿದ್ದಬಹುದಾದ ಫೈಲ್ ಬೇಕಾದರೆ ಇನ್ನು ಅರ್ಧ ಪಟ್ಟು.

ಅಂಗಡಿಯವ:
ಇದು ನನಗೆ ಒಪ್ಪಿಗೆಯಿಲ್ಲ. ದುಡ್ಡು ಕೊಟ್ಟು ಮನೆ ಕಟ್ಟಿಸಿದ ಮೇಲೆ ನಕ್ಷೆ ನಮ್ಮದಲ್ಲವೇ?

ಹರಿಹರದ ಕೋಡು:
ಹೋಟೆಲಿನಲ್ಲಿ ದೋಸೆಗೆ ದುಡ್ಡು ಕೊಟ್ಟರೆ ಕಾವಲಿ ಮನೆಗೆ ತರುತ್ತೀರಾ ಸರ್?

ಪಿಬಿ ರಸ್ತೆ:
ದೋಸೆಯ ಮಾತು ಬಂತು, ಇನ್ನು ಈ ಚರ್ಚೆ ಮುಗಿಯಿತು. ಬೆಣ್ಣೆದೋಸೆ ಬೆಳಿಗ್ಗೆಯದೋ ಸಂಜೆಯದೋ?

ಕೋಟೆ ಕ್ಯಾಮೆರಾ:
ಸಂಜೆ ಮಂಡಕ್ಕಿ ಮಿರ್ಚಿ ಇರುವಾಗ ದೋಸೆ ಏಕೆ?

ಪಿಬಿ ರಸ್ತೆ:
ದುರ್ಗದವರು ನಮ್ಮ ಮಂಡಕ್ಕಿಯ ಬಗ್ಗೆ ಮಾತಾಡಬಾರದು.

ಅನುವಾದದ ಅಕ್ಕ:
ಹುಡುಗಿಯ ಸಮಸ್ಯೆ ಅಲ್ಲೇ ಇದೆ, ನೀವು ತಿನ್ನಲು ಹೊರಟಿರಿ. ತಂಗೀ, ಮೊಬೈಲಿನಲ್ಲಿ ಇನ್ನು ಏನನ್ನೂ ಕಳುಹಿಸಬೇಡ. ಲೇಬಲ್ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿಕೊಂಡು ಅವರ ಮನೆಗೇ ಹೋಗು. ನಾಲ್ವರೂ ಒಟ್ಟಿಗೆ ಕೂರುವ ಹೊತ್ತು ನೋಡಿಕೊಂಡು ಹೋಗು.

ಮಂಡಿಪೇಟೆ ಮೊಳೆ:
ಹೌದು. ಜೊತೆಗೆ ಪೆನ್ನು ತೆಗೆದುಕೊಂಡು ಹೋಗು.

ವಿದ್ಯಾನಗರದ ಗೆರೆ: (ನಾಲ್ಕು ದಿನದ ನಂತರ)
ಹೋಗಿ ಬಂದೆ. ಭಾನುವಾರ ಸಂಜೆ ಹೋದೆ, ಅದೃಷ್ಟಕ್ಕೆ ಭಾಮೈದನೂ ಬಂದಿದ್ದ.

ಮೊದಲು ನನ್ನ ಮೂರು ತಪ್ಪುಗಳನ್ನು ನಾನೇ ಹೇಳಿಬಿಟ್ಟೆ. ಅಲರ್ಜಿಯ ಸಾಲು ಸೇರಿಸಿದ್ದನ್ನೂ ತೋರಿಸಿದೆ. ಯಜಮಾನರಿಗೆ ಅದು ಗೊತ್ತೇ ಇರಲಿಲ್ಲ, ಒಳ್ಳೆಯದಾಯಿತು ಎಂದರು. ಆಮೇಲೆ ಹಳದಿ, ಕೆಂಪು, ಹಸಿರು ಮೂರನ್ನೂ ಅಸಲಿ ಅಳತೆಯಲ್ಲಿ ಮುದ್ರಿಸಿಕೊಂಡು ಹೋಗಿದ್ದೆನಲ್ಲ, ಅವರ ಖಾಲಿ ಪ್ಯಾಕೆಟ್‌ಗಳಿಗೆ ಪುಡಿ ತುಂಬಿಸಿ ಅಂಟಿಸಿದೆ. ಅಂಗಡಿಯ ಶೆಲ್ಫಿನಲ್ಲಿ ಬೇರೆಯವರ ಪ್ಯಾಕೆಟ್‌ಗಳ ಮಧ್ಯೆ ಇಟ್ಟೆ. ಅಕ್ಕ ಹೇಳಿದಂತೆ, ಹಳದಿ ಬೇಡ ಎಂದದ್ದು ಏಕೆ ಎಂದು ಕೇಳಿದೆ. ಏನು ಗೊತ್ತೇ? ಅವರ ಮೊಬೈಲಿನಲ್ಲಿ ಕಣ್ಣಿಗೆ ಹಿತವೆಂದು ಯಾವಾಗಲೂ ರಾತ್ರಿಯ ಬಣ್ಣ ಹಾಕಿಟ್ಟಿದ್ದಾರೆ! ನನ್ನ ಹಳದಿ ಅವರಿಗೆ ಮಣ್ಣಿನ ಬಣ್ಣವಾಗಿ ಕಾಣುತ್ತಿತ್ತು. ಏಳು ಕರೆಕ್ಷನ್‌ಗಳು ಆ ಒಂದು ಗುಂಡಿಯಿಂದ ಹುಟ್ಟಿದವು.

ಶೆಲ್ಫಿನ ಮುಂದೆ ಹತ್ತು ನಿಮಿಷ ನಿಂತರು. ಹುಡುಗ ಕೆಂಪು ಎಂದ, ಭಾಮೈದ ಬಂಗಾರ ಎಂದ. ಒಳಗಿನಿಂದ ಯಜಮಾನರ ತಾಯಿ ಬಂದರು. ಕನ್ನಡಕ ಹಾಕಿರಲಿಲ್ಲ. "ನನಗೆ ಆ ಹಳದಿಯದೊಂದೇ ಕಾಣುತ್ತದೆ ನೋಡಪ್ಪಾ" ಎಂದರು. ಮುಗಿಯಿತು. ಹಳದಿ ಪ್ರತಿಯ ಮೇಲೆ ಯಜಮಾನರು ಸಹಿ ಹಾಕಿದರು. ಇನ್ನು ಮುಂದೆ ಬದಲಾವಣೆಗೆ ಒಂದಕ್ಕೆ 300 ರೂಪಾಯಿ ಎಂದು ಸಹಿಯ ಕೆಳಗೆ ಬರೆದೆ, ನಕ್ಕು ಒಪ್ಪಿದರು. ಒರಿಜಿನಲ್ ಫೈಲ್ ಎಂದರೆ ಅವರ ಅರ್ಥದಲ್ಲಿ "ಮಸುಕಾಗಿಲ್ಲದ ಚಿತ್ರ" ಅಷ್ಟೇ. ವಾಟ್ಸ್‌ಆ್ಯಪ್ ಕುಗ್ಗಿಸಿ ಕಳುಹಿಸುತ್ತಿತ್ತಲ್ಲ. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದೆ, ಸಾಕು ಎಂದರು.

ಅಂಗಡಿಯವ:
ನೋಡಿದಿರಾ? ಸ್ಥಳಕ್ಕೆ ಬಂದು ನಿಲ್ಲಬೇಕು ಎಂದೆ.

ಲೆಕ್ಕದ ಪುಸ್ತಕ:
ಕಾಯ್ದೆ ಬೇಕಾಗಲಿಲ್ಲ, ಸಂತೋಷ. ಉದ್ಯಮ್ ಮಾತ್ರ ಮಾಡಿಸಿ.

ಅರ್ಕಾವತ್ತು:
ಸಹಿ ಹಾಕಿಸುವ ಮೊದಲು "ಚಿತ್ರದುರ್ಗ" ಸರಿಯಾಗಿದೆಯೇ ನೋಡಿದಿರಾ?

ವಿದ್ಯಾನಗರದ ಗೆರೆ:
ಮೂರು ಸಲ ನೋಡಿದೆ ಸರ್.

ಮಂಡಿಪೇಟೆ ಮೊಳೆ:
ಎಲ್ಲ ಸರಿ ತಂಗೀ, ಬಾಕಿ ಮೂರು ಸಾವಿರ?

ವಿದ್ಯಾನಗರದ ಗೆರೆ:
ಎರಡು ಸಾವಿರ ಅಲ್ಲೇ ಫೋನ್‌ನಲ್ಲಿ ಹಾಕಿದರು. ಜೊತೆಗೆ ಅರ್ಧ ಕೆಜಿ ಚಟ್ನಿಪುಡಿ. ಉಳಿದ ಒಂದು ಸಾವಿರ ಶನಿವಾರ ಕೊಡುತ್ತೇನೆ ಎಂದಿದ್ದಾರೆ.

ಮಂಡಿಪೇಟೆ ಮೊಳೆ:
ಯಾವ ಶನಿವಾರ?